ಉಪ್ಪಿನ ರಾಣಿಗೆ ಅಕ್ಕ ಕಟ್ಟಿಕೊಂಡು ಹೋದ ಬುತ್ತಿ

ನಮ್ಮ ಅಕ್ಕ ಟಾವಿಯಾಳನ್ನು ರಾಜಧಾನಿ ಆಕ್ರಾದ ದೊಡ್ಡ ರಂಗಮಂದಿರಕ್ಕೆ ಕರೆಸಬೇಡಿ, ಅವಳ ಬಾಯಿಗೂ ಆ ಕುರ್ಚಿಗಳಿಗೂ ಆಗಿಬರುವುದಿಲ್ಲ ಎಂದು ನಾನು ಬಡಕೊಂಡೆ. ಯಾರು ಕೇಳುತ್ತಾರೆ ನನ್ನ ಮಾತು? ಕೇಳಿದ್ದರೆ, ಅಷ್ಟೊಂದು ಜನ ಕೋಟು ಟೈ ಹಾಕಿಕೊಂಡು ಕೂತ ಕಡೆ ಅಕ್ಕನ ಸೊಂಟದ ಬಟ್ಟೆ ನನ್ನ ಕೈಯಲ್ಲಿ ಉಳಿದು, ಅಕ್ಕ ಮಾತ್ರ ರಂಗದ ಮೇಲೆ ಹತ್ತಿ ನಿಂತಿರುವ ಪ್ರಸಂಗ ಬರುತ್ತಿರಲಿಲ್ಲ.

ನಾವು ನಾಟಕವನ್ನೇ ಕಾಣದ ಜನ ಅಂತ ತಿಳಿಯಬೇಡಿ. ನಮ್ಮದು ಸೆಕಾಂಡಿ, ಕಡಲ ದಂಡೆಯ ಊರು. ನಾನು ಬಟ್ಟೆ ಹೊಲಿಯುವವಳು. ಅಕ್ಕ ದೋಣಿಗಳು ಬಂದು ನಿಲ್ಲುವ ಜಾಗದಲ್ಲಿ ಮೀನು ಕರಿದು, ಹುಳಿ ಬಂದ ಜೋಳದ ಹಿಟ್ಟನ್ನು ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ಕೆಂಕೆ ಮುದ್ದೆಯ ಜೊತೆ ಮಾರುವವಳು. ನಾವು ಹುಡುಗಿಯರಾಗಿದ್ದಾಗ ಹಾಡಿನ ಕಂಪನಿಗಳು ಲಾರಿಯಲ್ಲಿ ಬಂದು ಹೋಟೆಲಿನ ಹಿತ್ತಲಲ್ಲಿ ಆಟ ಹೂಡುತ್ತಿದ್ದವು. ಆಗ ಹೆಣ್ಣುಪಾತ್ರವೆಲ್ಲ ಗಂಡಸರದೇ. ಮೀಸೆ ಬೋಳಿಸಿ ಪೌಡರ್ ಮೆತ್ತಿಕೊಂಡ ಒಬ್ಬ ಧಡಿಯ ಅನಾಥ ವಿಧವೆಯಾಗಿ ಬಂದು ಗೊಳೋ ಎನ್ನುತ್ತಿದ್ದ. ಅವನು ಅತ್ತ ತಕ್ಷಣ ಜನ ಎದ್ದು ಹೋಗಿ ಅವನ ಕಾಲ ಬಳಿ ಬ್ರೆಡ್ಡು, ಕಿತ್ತಳೆ, ಬೇಯಿಸಿದ ಮೊಟ್ಟೆ ಇಟ್ಟು, ಸಮಾಧಾನ ಹೇಳಿ ಬರಬೇಕು. ಅದು ಪದ್ಧತಿ. ಖಳನಾಯಕನಿಗೆ ಕಡಲೆಸಿಪ್ಪೆಯ ಏಟು. ಯಾರ ಕಾಲ ಬಳಿ ಗುಡ್ಡೆ ದೊಡ್ಡದೋ ಅವನೇ ದೊಡ್ಡ ನಟ. ಜನ ಸುಮ್ಮನೆ ಕೂತರೆಂದರೆ ಆಟ ಕೆಟ್ಟಿತು ಎಂದೇ ಲೆಕ್ಕ, ಕಂಪನಿಯವರು ಅಲ್ಲಿಂದಲೇ ಗಂಟುಮೂಟೆ ಕಟ್ಟುತ್ತಿದ್ದರು. ನಮ್ಮ ಅಕ್ಕ ಆ ಧಡಿಯನಿಗೆ ಎಷ್ಟು ಮೀನು ತಿನ್ನಿಸಿದ್ದಾಳೋ, ಅವನ ಹೆಂಡತಿಯೂ ತಿನ್ನಿಸಿರಲಾರಳು.

ಇಂಥವಳ ಮಗಳು ಕುಕುವಾ. ಆಕ್ರಾಕ್ಕೆ ಹೋಗಿ ನಾಟಕವನ್ನೇ ಓದಿದಳು. ನಾಟಕವನ್ನು ಓದುವುದು ಏನಿದೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಓದಿ ಮುಗಿಸಿ ದೊಡ್ಡ ತಂಡವೊಂದನ್ನು ಸೇರಿದಳು. ಅಲ್ಲಿ ಅವಳಿಗೆ ಕೊಟ್ಟಿದ್ದು ಮರದ ಪಾತ್ರ. ಆಮೇಲೆ ಬಾಗಿಲು ಕಾಯುವವನ ಪಾತ್ರ. ಆಮೇಲೆ ಮತ್ತೆ ಮರ. ಆ ತಂಡ ಆಡುತ್ತಿದ್ದದ್ದು 'ಉಪ್ಪಿನ ರಾಣಿ'. ನಮ್ಮ ದೇಶದಲ್ಲಿ ಅದರ ಹಾಡು ಬಾರದವರಿಲ್ಲ, ಶಾಲೆ ಮಕ್ಕಳೆಲ್ಲ ಹಾಡುತ್ತಾರೆ, ರೇಡಿಯೋದಲ್ಲಿ ನಾವೂ ಕೇಳಿ ಕೇಳಿ ಬಾಯಿಪಾಠ ಮಾಡಿದ್ದೆವು. ಕಣ್ಣಾರೆ ಮಾತ್ರ ಕಂಡಿರಲಿಲ್ಲ. ಕಥೆ ಇಷ್ಟೇ: ಉಪ್ಪಿನ ಬಯಲಿನ ರಾಜ ಸಾಯುತ್ತಾನೆ, ಅವನ ತಮ್ಮ ರಾಣಿಯನ್ನು ಮನೆಯಿಂದ ಹೊರದೂಡುತ್ತಾನೆ, ಅವಳು ತನ್ನದೇ ಉಪ್ಪಿನ ಬಯಲಲ್ಲಿ ಹಸಿವಿನಿಂದ ಒಂದು ಹಾಡು ಹಾಡಿ ಸಾಯುತ್ತಾಳೆ. ಇದು ಅಕ್ಕನಿಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದಳಲ್ಲ, ನನ್ನ ಸಿಟ್ಟು ಅದಕ್ಕೆ.

ರಾಣಿಯ ಪಾತ್ರ ಮಾಡುತ್ತಿದ್ದವಳು ಹೆರಿಗೆಗೆ ಹೋದಳು. ನಿರ್ದೇಶಕ ನಾರ್ಟೆ ಒಂದು ಭಾನುವಾರ ಸಂಜೆಯ ಆಟಕ್ಕೆ ಕುಕುವಾಳನ್ನು ನಿಲ್ಲಿಸಿ ನೋಡುತ್ತೇನೆ ಎಂದ. ಒಪ್ಪಿಗೆಯಾದರೆ ಕುಮಾಸಿಯಲ್ಲೂ ಅಲ್ಲಿಂದ ಮುಂದೆ ಹೋದ ಊರಲ್ಲೆಲ್ಲ ಅವಳೇ ರಾಣಿ. ಇಲ್ಲವಾದರೆ ಮತ್ತೆ ಮರ. ಅವಳಿಗೆ ಇದೊಂದೇ ಅವಕಾಶ, ಒಂದೇ ಸಂಜೆ. ಅಂಥ ಸಂಜೆಗೆ ಅವಳು ತನ್ನ ಅಮ್ಮನನ್ನು ಕರೆಸಿಕೊಂಡಳು. ಇದಕ್ಕೆ ಏನು ಹೇಳುವುದು?

ಬಸ್ ನಿಲ್ದಾಣದಲ್ಲೇ ಪಾಠ ಶುರುವಾಯಿತು. ಅಲ್ಲಿ ಕತ್ತಲೆ ಇರುತ್ತದೆ, ತಣ್ಣಗಿರುತ್ತದೆ, ಯಾರೂ ಮಾತಾಡುವುದಿಲ್ಲ, ಯಾರೂ ಏಳುವುದಿಲ್ಲ, ತಿಂಡಿ ಒಳಗೆ ಬಿಡುವುದಿಲ್ಲ, ಹಾಡು ಗೊತ್ತಿದ್ದರೂ ಜೊತೆಗೆ ಹಾಡಬಾರದು. ಅಕ್ಕ ಎಲ್ಲದಕ್ಕೂ ತಲೆ ಆಡಿಸಿದಳು. ಅವಳು ಹಾಗೆ ತಲೆ ಆಡಿಸಿದರೆ ಕಿವಿಗೆ ಏನೂ ಬಿದ್ದಿಲ್ಲ ಎಂದು ಅರ್ಥ.

"ಅಮ್ಮ, ಸರಿಯಾಗಿ ಕೇಳಿಸ್ಕೊ," ಎಂದಳು ಕುಕುವಾ. "ನಾನು ಅಲ್ಲಿ ಅತ್ತರೂ ನೀನು ಬಾಯಿ ಬಿಡಬಾರದು. ಸತ್ತರೂ ಏಳಬಾರದು."

"ಸತ್ತರೂನಾ?"

"ಸತ್ತರೂ. ಆಮೇಲೆ ನಾನೇ ಎದ್ದು ಬಂದು ಕೈ ಮುಗೀತೀನಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಚಿಕ್ಕಮ್ಮ, ನಿನ್ನ ಕಾಲಿಗೆ ಬೀಳ್ತೀನಿ, ಅಮ್ಮನ್ನ ಹಿಡ್ಕೊಂಡಿರು," ಎಂದಳು.

ನಾನು ಮಾತು ಕೊಟ್ಟೆ. ಆ ಹುಡುಗಿಯನ್ನು ಎತ್ತಿ ಆಡಿಸಿದವಳು ನಾನು, ಅವಳ ಮೊದಲ ಲಂಗ ಹೊಲಿದವಳು ನಾನು. ಅವಳು ಇನ್ನೊಂದು ಸಲ ಮರವಾಗುವುದು ನನಗೂ ಬೇಕಿರಲಿಲ್ಲ.

ರಂಗಮಂದಿರದ ಬಾಗಿಲಲ್ಲಿ ಒಬ್ಬಳು ಹುಡುಗಿ ಎಲ್ಲರ ಚೀಲ ಬಿಚ್ಚಿಸಿ ನೋಡುತ್ತಿದ್ದಳು. ಅಕ್ಕನ ಚೀಲದಲ್ಲಿ ಏನೂ ಇರಲಿಲ್ಲ. ನನಗೆ ಆಗಲೇ ಅನುಮಾನ. ಆಟ ಮುಗಿದ ಮೇಲೆ ಮಗಳಿಗೆ ಕೊಡುತ್ತೇನೆ ಎಂದು ಅವಳು ಸೆಕಾಂಡಿಯಿಂದ ಕಟ್ಟಿಕೊಂಡು ಬಂದ ಬುತ್ತಿ ದೊಡ್ಡ ಗಂಟು, ಅದು ಗಾಳಿಯಲ್ಲಿ ಹೋಗುವಂಥದ್ದಲ್ಲ. ನೋಡಿದರೆ ಅಕ್ಕನ ಹೊಟ್ಟೆ ಮುಂದೆ ಬಂದಿದೆ. ಬಾಗಿಲ ಹುಡುಗಿ ಅಕ್ಕನ ಬಿಳಿ ಕೂದಲು ನೋಡಿದಳು, ಹೊಟ್ಟೆ ನೋಡಿದಳು, ಮತ್ತೆ ಕೂದಲು ನೋಡಿದಳು.

"ದೇವರು ಕೊಟ್ಟಿದ್ದು ಕಣಮ್ಮ," ಎಂದಳು ಅಕ್ಕ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು.

ಆ ಹುಡುಗಿ ಪಾಪ, ಏನು ಮಾಡುತ್ತಾಳೆ? ನಮ್ಮನ್ನು ಮುಂದಿನ ಸಾಲಿಗೆ ಕರೆದೊಯ್ದು, ನಡುವೆ ಎದ್ದು ಹೋಗಬೇಕಾದರೆ ಅನುಕೂಲ ಎಂದು ಅಕ್ಕನನ್ನು ಓಡಾಡುವ ದಾರಿಯ ಪಕ್ಕದ ಸೀಟಿನಲ್ಲೇ ಕೂರಿಸಿದಳು. ನನ್ನ ಇನ್ನೊಂದು ಪಕ್ಕದಲ್ಲಿ ಟೈ ಕಟ್ಟಿದ ಗಂಭೀರ ಮನುಷ್ಯ ಒಬ್ಬರು. ಸ್ವಲ್ಪ ಹೊತ್ತಿಗೆ ಅವರ ಮೂಗು ಆಡತೊಡಗಿತು. ಕರಿದ ಮೀನು, ಅದರ ಮೇಲೆ ಅಕ್ಕನ ಕಪ್ಪು ಮೆಣಸಿನಕಾಯಿ ಗೊಜ್ಜು. ಅವರು ನನ್ನ ಕಡೆ ನೋಡಿದರು. ನಾನು ಛಾವಣಿ ನೋಡಿದೆ.

ದೀಪ ಆರಿತು, ವಾದ್ಯ ಮೊದಲಾಯಿತು, ಪರದೆ ಎದ್ದಿತು. ಸುಳ್ಳೇಕೆ ಹೇಳಲಿ, ನನ್ನ ಮೈ ಜುಮ್ಮೆಂದಿತು. ರಂಗದ ತುಂಬ ಬೆಳ್ಳಗೆ ಉಪ್ಪು ಹರಡಿದಂತಿತ್ತು. ಅದರ ನಡುವೆ ನಮ್ಮ ಕುಕುವಾ ಕಿರೀಟ ಇಟ್ಟುಕೊಂಡು ನಿಂತಿದ್ದಳು. ರೇಡಿಯೋದಲ್ಲಿ ಕೇಳಿದ ಹಾಡನ್ನೇ ಅವಳು ಹಾಡಿದ್ದು, ಆದರೆ ಅದು ನಾನು ಕೇಳಿದ ಹಾಡೇ ಅಲ್ಲ ಅನ್ನಿಸಿತು. ಅಕ್ಕ ನನ್ನ ಕೈಯನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದಳು. ಆದರೂ ಬಾಯಿ ಬಿಡಲಿಲ್ಲ. ರಾಜನ ತಮ್ಮನ ವೇಷದ ಅಗ್ಬೆಕೊ ಎಂಬ ಭಾರೀ ಆಳು ಹಿಂದಿನಿಂದ ಕಳ್ಳಹೆಜ್ಜೆ ಹಾಕಿ ಬಂದಾಗ ಒಮ್ಮೆ ತೆರೆದಳು. ನಾನು ಸಿದ್ಧವಾಗಿಯೇ ಇದ್ದೆ, ಕರ್ಚೀಫು ತುರುಕಿದೆ. ಅರ್ಧ ಆಟ ಮುಗಿದು ದೀಪ ಹತ್ತಿದಾಗ, ಪರವಾಗಿಲ್ಲ, ಗೆದ್ದೆವು ಎಂದುಕೊಂಡೆ.

ಹೊರಗೆ ಬಂದು ನೋಡಿದರೆ ಅಕ್ಕ ಕಂಬಕ್ಕೆ ಒರಗಿ ಅಳುತ್ತಿದ್ದಾಳೆ.

"ನನ್ನ ಮಗಳ ಆಟ ಕೆಟ್ಟೋಯ್ತು ಕಣೆ, ಅಬಾ," ಎಂದಳು.

ಚೆನ್ನಾಗಿಯೇ ಆಗುತ್ತಿದೆಯಲ್ಲ, ಜನ ಚಪ್ಪಾಳೆ ತಟ್ಟಲಿಲ್ಲವೇ ಎಂದೆ. ಅದೂ ಒಂದು ಚಪ್ಪಾಳೆಯೇ, ಬೆರಳ ತುದಿಯಲ್ಲಿ ಸೊಳ್ಳೆ ಹೊಡೆದ ಹಾಗೆ ಎಂದು ಬೈದಳು. ಗಂಡ ಸತ್ತು ಹುಡುಗಿ ಅಷ್ಟು ಅತ್ತಳು, ಒಬ್ಬರೂ ಎದ್ದು ಹೋಗಿ ಏನಮ್ಮ ನಿನ್ನ ಗತಿ ಎಂದು ಕೇಳಲಿಲ್ಲ, ಅವಳ ಕಾಲ ಬಳಿ ಒಂದು ಕಿತ್ತಳೆಹಣ್ಣಿಲ್ಲ, ಒಂದು ಚೂರು ಬ್ರೆಡ್ಡಿಲ್ಲ. ಆ ನಿರ್ದೇಶಕನಿಗೆ ಕಣ್ಣಿಲ್ಲವೇ? ಕಾಲ ಬಳಿ ಏನೂ ಬೀಳದ ರಾಣಿಯನ್ನು ಯಾರು ಕುಮಾಸಿಗೆ ಕರೆದುಕೊಂಡು ಹೋಗುತ್ತಾರೆ? ಇಲ್ಲಿಯ ಪದ್ಧತಿ ಬೇರೆ ಎಂದು ನಾನು ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಆ ಖಾಲಿ ನೆಲ ನೋಡಿ ನನಗೂ ಒಳಗೊಳಗೇ ಅವಮಾನವಾಗಿತ್ತು. ಆದರೆ ಮಾತು ಕೊಟ್ಟಿದ್ದೆನಲ್ಲ. ಒಳಗೆ ಹೋಗಿ ಕೂತ ಮೇಲೆ ಅಕ್ಕ ಸೊಂಟಕ್ಕೆ ಮೇಲಿಂದ ಸುತ್ತಿದ್ದ ಬಟ್ಟೆಯನ್ನು ಗಟ್ಟಿಯಾಗಿ ಮುಷ್ಟಿಯಲ್ಲಿ ಹಿಡಿದುಕೊಂಡೆ.

ಪರದೆ ಎದ್ದಿತು. ಉಪ್ಪಿನ ಬಯಲು, ಮೇಲೆ ಉರಿಬಿಸಿಲು. ಕುಕುವಾ ಹರಿದ ಬಟ್ಟೆಯಲ್ಲಿ ತೆವಳಿಕೊಂಡು ಬಂದಳು. ಆ ಕಡೆ ಅಗ್ಬೆಕೊ ಮೇಜಿನ ಮುಂದೆ ಕೂತು ಮರದ ಕೋಳಿಯನ್ನು ಕಡಿಯುವ ಹಾಗೆ ಮಾಡುತ್ತಿದ್ದಾನೆ. ಅವಳು ಒಂದು ತುತ್ತು ಬೇಡಿದಳು. ಅವನು ನಕ್ಕ. ಅವಳು ನಮ್ಮ ಕಡೆ ತಿರುಗಿ, ಎರಡೂ ಕೈ ಚಾಚಿ, ಸಭೆಗೆಲ್ಲ ಕೇಳುವ ಹಾಗೆ ಹೇಳಿದಳು: "ನನಗೆ ಯಾರೂ ಇಲ್ಲ. ತಾಯಿ ಇಲ್ಲ, ಬಂಧುವಿಲ್ಲ. ಒಂದು ತುತ್ತು ಕೊಡುವ ಕೈ ಈ ಲೋಕದಲ್ಲಿ ಇಲ್ಲ."

"ಅದ್ಹೇಗೆ ಇಲ್ಲ?" ಎಂದಳು ಅಕ್ಕ.

ಎಂದವಳು ಎದ್ದೇಬಿಟ್ಟಳು. ನಾನು ಬಟ್ಟೆ ಎಳೆದೆ. ಬಟ್ಟೆ ಪೂರ್ತಿ ಬಂತು, ಅಕ್ಕ ಬರಲಿಲ್ಲ. ಒಳಗೆ ಇನ್ನೊಂದು ಸುತ್ತು ಉಟ್ಟಿದ್ದಳು, ಮಾನ ಉಳಿಯಿತು. ಬುತ್ತಿಯ ಗಂಟು ಕೈಯಲ್ಲಿ ಹಿಡಿದು, ಪಕ್ಕದ ಮೆಟ್ಟಿಲು ಹತ್ತಿ, ಉಪ್ಪಿನ ಬಯಲ ಮೇಲೆ ಚಪ್ಪಲಿ ಪಟಪಟ ಅನ್ನಿಸುತ್ತ ನಡೆದಳು. ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಬಾಳೆಎಲೆ ಬಿಚ್ಚಿದಳು. ನಾನು ಕಣ್ಣು ಮುಚ್ಚಿಕೊಂಡೆ. ಮುಚ್ಚಿದರೂ ಕಿವಿ ಕೇಳುತ್ತದಲ್ಲ.

"ತಗೋ. ಮೊದಲು ತಿನ್ನು," ಎಂದಿತು ಅಕ್ಕನ ದನಿ. "ತಿಂದು ಆಮೇಲೆ ಸಾಯಿ. ಯಾರು ಬೇಡ ಅಂದ್ರು?"

ಕಣ್ಣು ಬಿಟ್ಟೆ. ಕುಕುವಾ ಕಲ್ಲಾಗಿದ್ದಳು. ರಂಗದ ಪಕ್ಕದಲ್ಲಿ ಬೋಳುತಲೆಯ ಮೇಲೆ ಎರಡೂ ಕೈ ಹೊತ್ತು ನಿಂತವನು ನಾರ್ಟೆಯೇ ಇರಬೇಕು. ಅಗ್ಬೆಕೊಗೆ ಏನು ತೋಚಿತೋ, ಅಥವಾ ಬೆಳಗಿನಿಂದ ಊಟ ಮಾಡಿರಲಿಲ್ಲವೋ, ಮೇಜಿನಿಂದ ಧಡಧಡ ಬಂದು, "ಈ ನಾಡಿನ ಅನ್ನವೆಲ್ಲ ನನ್ನದು," ಎಂದು ಗುಡುಗಿ, ಎಲೆಯ ಮೇಲಿನ ದೊಡ್ಡ ಮೀನನ್ನೇ ಎತ್ತಿ ಕಚ್ಚಿದ.

ಆಗ ನನ್ನ ಪಕ್ಕದಿಂದ ಒಂದು ಅಬ್ಬರ ಎದ್ದಿತು. ಟೈ ಕಟ್ಟಿದ ಆ ಗಂಭೀರ ಮನುಷ್ಯರೇ ನಿಂತುಬಿಟ್ಟಿದ್ದರು.

"ಏಯ್, ಇಡೋ ಅದನ್ನ. ಆ ಹುಡುಗಿಗೆ ಕೊಡೋ."

ಅಷ್ಟೇ. ಇಡೀ ಮಂದಿರ ಕಟ್ಟೆ ಒಡೆದುಕೊಂಡಿತು. ಕೊಡೋ ಎಂದು ಹಿಂದಿನ ಸಾಲಿನವರು, ನಾಚಿಕೆಯಿಲ್ಲವೇನೋ ಎಂದು ಮಾಳಿಗೆಯವರು. ಅವರೂ ಎಲ್ಲೋ ಒಂದು ಹೋಟೆಲಿನ ಹಿತ್ತಲಲ್ಲಿ ಅಜ್ಜಿಯ ತೊಡೆ ಮೇಲೆ ಕೂತು ಆಟ ನೋಡಿದವರೇ ಇರಬೇಕು, ಇಷ್ಟು ವರ್ಷ ಸುಮ್ಮನೆ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅಗ್ಬೆಕೊ ಬೆದರಿ ಹಿಂದಕ್ಕೆ ಹೋದ. ಅಷ್ಟರಲ್ಲಿ ಗೊಜ್ಜಿನ ಖಾರ ನೆತ್ತಿಗೆ ಏರಿ ಖೊಕ್ ಖೊಕ್ ಎಂದು ಕೆಮ್ಮತೊಡಗಿದ. ಅನುಭವಿಸು ಎಂದು ಯಾರೋ ಕೂಗಿದರು. ಆಮೇಲೆ ಜನ ಮೆಟ್ಟಿಲ ಕಡೆ ಹೊರಟರು. ಬಾಳೆಕಾಯಿ ಚಿಪ್ಸು ಬಂತು, ಬಿಸ್ಕತ್ತು ಬಂತು, ಹುರಿಗಡಲೆ ಪೊಟ್ಟಣ ಬಂತು, ಮುತ್ತಿನ ಸರ ಹಾಕಿದ್ದ ಒಬ್ಬ ಅಮ್ಮ ತನ್ನ ಚಂದದ ಕೈಚೀಲದಿಂದ ಅರ್ಧ ಕೋಳಿಯನ್ನೇ ತೆಗೆದಳು. ಬಾಗಿಲಲ್ಲಿ ಅಷ್ಟು ಬಿಗಿ ಮಾಡಿದ್ದರಲ್ಲ, ಈ ತಿಂಡಿಯೆಲ್ಲ ಎಲ್ಲೆಲ್ಲಿ ಅಡಗಿಕೊಂಡು ಬಂದಿತ್ತೋ ನನಗೆ ತಿಳಿಯದು. ಅಂತೂ ಕುಕುವಾಳ ಮುಂದೆ ಗುಡ್ಡೆ ಬಿತ್ತು. ಅಕ್ಕ ಅದನ್ನು ಕಣ್ತುಂಬ ನೋಡಿ, ಸಭೆಗೆ ಒಂದು ಸಲ ಕೈಮುಗಿದು, ಅಲ್ಲೇ ಒಂದು ಮೂಲೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತಳು.

ನನಗೆ ಮಾತ್ರ ಬೇರೆಯೇ ಚಿಂತೆ. ಈಗ ಈ ಹುಡುಗಿ ಸಾಯುವುದು ಹೇಗೆ? ಇಡೀ ದೇಶಕ್ಕೆ ಗೊತ್ತಿರುವ ಸಾವು, ಕೇಳಲೆಂದೇ ಜನ ಬರುವ ಸಾವಿನ ಹಾಡು. ಮುಂದೆ ಅರ್ಧ ಕೋಳಿ ಇಟ್ಟುಕೊಂಡು ಯಾರು ಹಸಿವಿನಿಂದ ಸಾಯುತ್ತಾರೆ? ಕುಮಾಸಿಯೂ ಹೋಯಿತು, ಕಿರೀಟವೂ ಹೋಯಿತು, ಮತ್ತೆ ಮರವೇ ಗತಿ ಎಂದುಕೊಂಡೆ.

ಕುಕುವಾ ನಿಧಾನವಾಗಿ ಕೈ ಚಾಚಿದಳು. ಅಕ್ಕನ ಎಲೆಯಿಂದ ಕೆಂಕೆ ಮುರಿದು, ಗೊಜ್ಜಿಗೆ ಅದ್ದಿ, ಬಾಯಿಗಿಟ್ಟಳು. ಎಲ್ಲರೂ ನೋಡುತ್ತಿದ್ದೆವು. ಅವಳ ಕಣ್ಣಿಂದ ದಳದಳ ನೀರು ಸುರಿಯಿತು. ಇನ್ನೊಂದು ತುತ್ತು ತಿಂದಳು. ಆಮೇಲೆ ಎದ್ದು, ಆ ಗುಡ್ಡೆಯಲ್ಲಿ ಒಂದೊಂದನ್ನೇ ತೆಗೆದು, ಹಿಂದೆ ನಿಂತಿದ್ದ ಉಪ್ಪಿನ ಕೆಲಸದವರ ವೇಷದವರಿಗೆಲ್ಲ ಹಂಚಿಬಿಟ್ಟಳು. ಮೂಲೆಯ ಮರದ ವೇಷಕ್ಕೂ ಒಂದು ಬಿಸ್ಕತ್ತು ಕೊಟ್ಟಳು. ಕೈ ಖಾಲಿಯಾಯಿತು. ವಾದ್ಯದವರು ಏನು ಮಾಡಬೇಕೆಂದು ತಿಳಿಯದೆ ಸುಮ್ಮನಾಗಿದ್ದರು. ಅವಳು ರಂಗದ ನಡುವೆ ಬಂದು, ಆ ನಾಟಕದಲ್ಲಿ ಯಾರೂ ಬರೆಯದ ಮಾತು ಹೇಳಿದಳು.

"ಇವತ್ತು ನನ್ನ ಅಮ್ಮ ಬಂದಳು, ಬುತ್ತಿ ತಂದಳು. ಇವತ್ತಿನ ಹಸಿವು ಹೋಯಿತು. ನಾಳೆ ಅಮ್ಮ ಇರುವುದಿಲ್ಲ. ನಾಳೆಯೂ ಹಸಿವು ಬರುತ್ತದೆ."

"ನಾಳೆನೂ ಇರ್ತೀನಿ ಕಣೆ," ಎಂದಳು ಅಕ್ಕ ಮೂಲೆಯಿಂದ. "ನನ್ನ ಬಸ್ಸು ನಾಡಿದ್ದು."

ಜನ ಬಿದ್ದು ಬಿದ್ದು ನಕ್ಕರು. ನಕ್ಕರೆ ನಗಲಿ ಎಂದು ಕುಕುವಾ ಕಾದಳು. ಅವಳು ಕಾದ ಹಾಗೆ ಕಾದವರನ್ನು ನಾನು ಕಂಡಿಲ್ಲ. ನಗು ಪೂರ್ತಿ ಅಡಗಿದ ಮೇಲೆ ಅಮ್ಮನ ಕಡೆ ನೋಡಿ, ಮೆಲ್ಲಗೆ, "ನಾಡಿದ್ದು?" ಎಂದಳು.

ಅಕ್ಕ ಬೆರಳು ಎಣಿಸಲು ಹೋಗಿ ಕೈಯನ್ನು ಮಡಿಲಿಗೆ ಇಳಿಸಿದಳು. ಕುಕುವಾ ಉಪ್ಪಿನ ಮೇಲೆ ಕೂತು ಆ ಹಾಡು ಎತ್ತಿಕೊಂಡಳು, ಸಾವಿನ ಹಾಡು. ನಾವು ಕಣ್ಣಾರೆ ಅವಳು ಉಂಡದ್ದನ್ನು ನೋಡಿದ್ದೆವು, ಬೆರಳಲ್ಲಿ ಇನ್ನೂ ಗೊಜ್ಜು ಮೆತ್ತಿತ್ತು. ಆದರೂ ಒಂದೊಂದು ಸಾಲಿಗೂ ಅವಳ ಕೆನ್ನೆ ಒಳಗೆ ಹೋಗುತ್ತಿರುವಂತೆ, ದಿನಗಳು ಕಳೆಯುತ್ತಿರುವಂತೆ ನನಗೆ ಕಂಡಿತು. ದನಿ ಸಣ್ಣಗಾಯಿತು. ತಲೆ ವಾಲಿತು. ಹಾಡು ನಿಂತಾಗ ಅವಳು ಸತ್ತಿದ್ದಳು. ಅವಳು ಆಮೇಲೆ ಏಳುತ್ತಾಳೆಂದು ಗೊತ್ತಿದ್ದೂ ಬಿಕ್ಕಿ ಬಿಕ್ಕಿ ಅತ್ತೆ. ಪಕ್ಕದ ಟೈ ಮನುಷ್ಯರು ಏನೋ ತಡಕಾಡುತ್ತಿದ್ದರು. ನಾನು ಕೈಯಲ್ಲಿದ್ದ ಅಕ್ಕನ ಬಟ್ಟೆಯ ಒಂದು ತುದಿ ಕೊಟ್ಟೆ. ಅವರು ಅದರಲ್ಲಿ ಮೂಗು ಸೀಟಿಕೊಂಡರು. ಬೆರಳ ತುದಿಯ ಚಪ್ಪಾಳೆ ಆ ದಿನ ಯಾರೂ ತಟ್ಟಲಿಲ್ಲ, ಕಟ್ಟಡವೇ ಅದುರಿತು.

ಆಟ ಮುಗಿದ ಮೇಲೆ ವೇಷ ಕಳಚುವ ಕೋಣೆಗೆ ಹೋದೆವು. ಕುಕುವಾ ಕನ್ನಡಿಗೆ ಮುಖ ಮಾಡಿ ಕೂತಿದ್ದಳು, ನಮ್ಮ ಕಡೆ ತಿರುಗಲೇ ಇಲ್ಲ. ಹಿಡಿದುಕೊಂಡಿರು ಎಂದು ನನ್ನ ಕಾಲಿಗೆ ಬಿದ್ದಿದ್ದ ಹುಡುಗಿ. ನಾನು ಕೈಯಲ್ಲಿದ್ದ ಬಟ್ಟೆಯನ್ನು ಹಿಂದೆ ಮುಚ್ಚಿಟ್ಟುಕೊಂಡೆ. ಅಕ್ಕನಿಗೆ ಮಾತ್ರ ಯಾವ ಚಿಂತೆಯೂ ಇರಲಿಲ್ಲ, ಅಷ್ಟು ದೊಡ್ಡ ಗುಡ್ಡೆ ಬಿತ್ತಲ್ಲ ಎಂದು ಹಿಗ್ಗುತ್ತಿದ್ದಳು. ಅಷ್ಟರಲ್ಲಿ ನಾರ್ಟೆ ಬಂದ. ಬಾಗಿಲಲ್ಲೇ ನಿಂತು ಅಕ್ಕನನ್ನು ಕಾಲಿಂದ ತಲೆವರೆಗೆ ನೋಡಿದ.

"ನೀವೇನಾ ತಾಯಿ?" ಎಂದ.

"ಮತ್ತೆ? ನೀನು ನೋಡ್ಲಿಲ್ವಾ?" ಎಂದಳು ಅಕ್ಕ.

ನಾರ್ಟೆ ಒಂದು ಸ್ಟೂಲು ಎಳೆದುಕೊಂಡು ಕೂತ. ತನ್ನ ನಾಟಕವನ್ನು ಈ ದಿನ ಹಾಳು ಮಾಡಿದಿರಿ ಎಂದ. ಪರದೆ ಎಳೆಯುವವನು ತನ್ನ ಕಡೆ ನೋಡುತ್ತಲೇ ಇದ್ದ, ಇಳಿಸು ಎಂದು ಕೈ ಎತ್ತಬೇಕು ಎನ್ನುವಷ್ಟರಲ್ಲಿ ಈ ಹುಡುಗಿ ಬಾಯಿ ತೆರೆದಳು, ಕೈ ಎತ್ತಲು ಆಗಲಿಲ್ಲ ಎಂದ. ಆಮೇಲೆ ಕನ್ನಡಿಯಲ್ಲಿದ್ದ ಕುಕುವಾಳ ಮುಖ ನೋಡಿ ಹೇಳಿದ:

"ಹಸಿವಿನಿಂದ ಸಾಯೋ ರಾಣೀರನ್ನ ನಾನು ಬೇಕಾದಷ್ಟು ನೋಡಿದೀನಿ. ಎಲ್ಲರ ಕಣ್ಣೆದುರು ಉಂಡು, ಅದೇ ಜನರ ಮುಂದೆ ಹಸಿವಿನಿಂದ ಸತ್ತವಳನ್ನ ನೋಡಿರಲಿಲ್ಲ. ಕುಮಾಸಿಗೆ ನೀನೇ ಬರ್ತೀಯ, ಬಟ್ಟೆ ಕಟ್ಟಿಕೋ."

ಹೇಳಿ ಹೊರಟವನು ಬಾಗಿಲಲ್ಲಿ ನಿಂತು, ಆ ಮೀನು ಇನ್ನೇನಾದರೂ ಉಳಿದಿದೆಯೇ ಎಂದು ಕೇಳಿದ. ಅಗ್ಬೆಕೊ ಎಲೆಯನ್ನೂ ನೆಕ್ಕಿಬಿಟ್ಟಿದ್ದ.

ಅವನು ಹೋದ ಮೇಲೆ ಕುಕುವಾ ಎದ್ದು ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬಂದವಳು ಅಮ್ಮನ ತೊಡೆಯ ಮೇಲೆ ತಲೆ ಇಟ್ಟು, ಚಿಕ್ಕವಳಿದ್ದಾಗ ಅಳುತ್ತಿದ್ದ ಹಾಗೆ ಜೋರಾಗಿ ಅತ್ತಳು. ನನಗೂ ತಡೆಯಲಾಗಲಿಲ್ಲ. ಬಟ್ಟೆಯ ಇನ್ನೊಂದು ತುದಿ ನನ್ನ ಪಾಲಿಗೆ ಬಂತು.

"ಖಾರ ಜಾಸ್ತಿ ಹಾಕಿದ್ದೀಯ ಕಣಮ್ಮ," ಎಂದಳು ಕುಕುವಾ, ಮೂಗು ಒರೆಸಿಕೊಳ್ಳುತ್ತ.

"ಬೇಕು ಅಂತಲೇ ಹಾಕಿದ್ದು," ಎಂದಳು ಅಕ್ಕ. "ಅಳೋ ಪಾತ್ರ ಅಂದಿದ್ಯಲ್ಲ. ಕಣ್ಣಲ್ಲಿ ನೀರು ಬರದೆ ಹೋದ್ರೆ?"

ನಾನು ಅಕ್ಕನ ಮುಖವನ್ನೇ ನೋಡಿದೆ. ಸೆಕಾಂಡಿಯಲ್ಲಿ ಒಲೆ ಮುಂದೆ ಕೂತು ಗೊಜ್ಜು ಕುದಿಸುವಾಗಲೇ ಇವಳು ಮೆಟ್ಟಿಲು ಹತ್ತುವುದನ್ನು ಯೋಚಿಸಿದ್ದಳು. ನಿಲ್ದಾಣದಲ್ಲಿ ತಲೆ ಆಡಿಸಿದ್ದೂ ಸುಳ್ಳು, ನಾನು ಅಷ್ಟು ಹೊತ್ತು ಬಟ್ಟೆ ಹಿಡಿದುಕೊಂಡು ಕೂತದ್ದೂ ದಂಡ. ಇಂಥ ಅಕ್ಕಂದಿರನ್ನು ದೇವರು ಶತ್ರುವಿಗೂ ಕೊಡಬಾರದು.

ಕುಕುವಾ ತಲೆ ಎತ್ತಿ, ಕಣ್ಣು ಒರೆಸಿಕೊಂಡು, ಕಡ್ಡಿ ಮುರಿದ ಹಾಗೆ ಹೇಳಿದಳು: "ಅಮ್ಮ, ಕುಮಾಸಿಗೆ ಮಾತ್ರ ನೀನು ಬರಬೇಡ."

"ನಾನ್ಯಾಕೆ ಬರಲಿ?" ಎಂದಳು ಅಕ್ಕ, ನನ್ನ ಕೈಯಿಂದ ಬಟ್ಟೆ ಕಿತ್ತು ಸೊಂಟಕ್ಕೆ ಸುತ್ತಿಕೊಳ್ಳುತ್ತ. "ಕುಮಾಸಿಲಿ ಅಮ್ಮಂದಿರು ಇಲ್ವಾ?"